ಹೇಗೂ ಮನೇಲೇ ಇದ್ದೀರಲ್ವಾ?

ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮರುದಿನದಿಂದಲೇ ಬೆಂಗಳೂರಿನ ನಮ್ಮ ಮನೆಯಲ್ಲಿ ರಾತ್ರಿ ಊಟ ಏರುಪೇರಾಗುತ್ತದೆ. ನನಗೆ ವಾರದಲ್ಲಿ ನಾಲ್ಕು ದಿನ ಕ್ಯಾಲಿಫೋರ್ನಿಯಾದ ಟೀಮ್ ಜೊತೆ ಕಾಲ್ ಇರುತ್ತದೆ. ಅವರಿಗೆ ಬೆಳಗ್ಗೆ 8 ಅಂದರೆ ನಮಗೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ 8:30, ನವೆಂಬರಿನಿಂದ 9:30. ಎಂಟೂವರೆ ಕಾಲ್ ಆದರೆ ಮುಗಿಸಿ ಎಲ್ಲರ ಜೊತೆ ಊಟಕ್ಕೆ ಕೂರಬಹುದು. ಒಂಬತ್ತೂವರೆ ಆದರೆ ಮುಂಚೆಯೇ ಒಬ್ಬಳೇ ಗಬಗಬ ತಿಂದು ಏಳಬೇಕು, ಇಲ್ಲವೇ ಹತ್ತೂವರೆಗೆ ಸಾರು ಮತ್ತೆ ಬಿಸಿ ಮಾಡಿಕೊಳ್ಳಬೇಕು.

ಆರು ವರ್ಷದ ಮಗನಿಗೂ ಈ ಲೆಕ್ಕ ಗೊತ್ತು. ಅವನಿಗೆ ಇನ್ನೂ ನಡೆಯಲು ಬಾರದ ಹೊತ್ತಿನಲ್ಲಿ ಲಾಕ್‌ಡೌನ್ ಬಂತು, ನನ್ನ ಆಫೀಸು ಮಲಗುವ ಕೋಣೆಗೆ ಬಂತು. ಅಮ್ಮ ಹೆಡ್‌ಸೆಟ್ ಹಾಕಿದರೆ ತುಟಿ ಮೇಲೆ ಬೆರಳು ಅನ್ನುವುದನ್ನು ಅವನು ಮಾತು ಕಲಿಯುವ ಮೊದಲೇ ಕಲಿತ. ಅಕ್ಷರ ಬಂದ ಮೇಲೆ ಅವನೇ ಒಂದು ದಾರಿ ಹುಡುಕಿಕೊಂಡಿದ್ದಾನೆ. ಕೈಯಲ್ಲಿ ಒಂದು ಮ್ಯಾಜಿಕ್ ಸ್ಲೇಟ್ ಹಿಡಿದುಕೊಂಡು ಬಾಗಿಲ ಹತ್ತಿರ ಬರುತ್ತಾನೆ. ಅದರ ಮೇಲೆ ಒಂದೇ ಪದ ಇರುತ್ತದೆ. 'ಕಾಲಾ?' ನಾನು ಹೌದು ಅಂತ ತಲೆ ಆಡಿಸಿದರೆ ಸದ್ದಿಲ್ಲದೆ ವಾಪಸ್ ಹೋಗುತ್ತಾನೆ. ಮೊದಲ ಸಲ ನೋಡಿದಾಗ ಎಷ್ಟು ಜಾಣ ಅಂತ ಖುಷಿಯಾಗಿತ್ತು. ಈಗ ಆ ಸ್ಲೇಟ್ ನೋಡಿದರೆ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ.

ಮನೆಯಿಂದ ಕೆಲಸ ಮಾಡುವವರೆಲ್ಲ ದಿನಕ್ಕೆ ನಾಲ್ಕು ಸಲವಾದರೂ ಕೇಳುವ ಒಂದು ಮಾತಿದೆ. ಆಫೀಸಿನವರು ಹೇಳುತ್ತಾರೆ, "ಹೇಗೂ ಮನೇಲೇ ಇದ್ದೀರಲ್ವಾ, ಒಂದು ಕ್ವಿಕ್ ಕಾಲ್ ಮಾಡೋಣ." ಮನೆಯವರೂ ಅದನ್ನೇ ಹೇಳುತ್ತಾರೆ, "ಹೇಗೂ ಮನೇಲೇ ಇದ್ದೀಯಲ್ವಾ, ಸಿಲಿಂಡರ್ ಬರುತ್ತೆ, ಸ್ವಲ್ಪ ನೋಡ್ಕೋ." ಎರಡೂ ಕಡೆಯವರು ಕೆಟ್ಟವರಲ್ಲ. ಆದರೆ ಇಬ್ಬರ ಕಣ್ಣಿಗೂ ನಾವು ಬಿಡುವಾಗಿರುವವರು. ಆಫೀಸಿಗೆ ನಮ್ಮ ಮನೆಯ ಹೊತ್ತು ಖಾಲಿ ಹೊತ್ತು, ಮನೆಗೆ ನಮ್ಮ ಆಫೀಸಿನ ಹೊತ್ತು ಖಾಲಿ ಹೊತ್ತು. ಮನೆ ಮತ್ತು ಆಫೀಸಿನ ನಡುವಿನ ಗೆರೆ ಅಳಿಸಿಹೋಗುವುದು ಅಂದರೆ ನನ್ನ ಮಟ್ಟಿಗೆ ಇದೇ.

ಇದಕ್ಕೆ ಸಿಗುವ ಬುದ್ಧಿಮಾತು ನಿಮಗೂ ಗೊತ್ತು. ಬೇರೆ ಮೇಜು ಇಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿ, ನೋಟಿಫಿಕೇಷನ್ ಆಫ್ ಮಾಡಿ, 'ನೋ' ಅನ್ನಲು ಕಲಿಯಿರಿ. ಇವೆಲ್ಲ ಮಾಡಿ ನೋಡಿದ್ದೇನೆ. ಸ್ವಲ್ಪ ಸಹಾಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಸಲಹೆಗಳೆಲ್ಲ ತೊಂದರೆ ನಮ್ಮ ಮನೆಯೊಳಗೆ, ನಮ್ಮ ಮನಸ್ಸಿನಲ್ಲಿ ಹುಟ್ಟಿದ್ದು ಅಂತ ನಂಬಿಕೊಂಡು ಹೊರಡುತ್ತವೆ. ಹಾಗಿದ್ದರೆ ಒಂದೇ ಸಮಯಕ್ಕೆ ಇಷ್ಟು ಲಕ್ಷ ಜನರಿಗೆ ಒಂದೇ ತರಹದ ತೊಂದರೆ ಹೇಗೆ ಬಂತು?

ನನಗನಿಸುವುದು ಇಷ್ಟು. ಕೆಲಸ ಮನೆಗೆ ಬಂದಿದ್ದು ತೊಂದರೆಯಲ್ಲ. ಮನೆಗೆ ಬರುವ ದಾರಿಯಲ್ಲಿ ಅದು ತನ್ನ ಮುಗಿಯುವ ಹೊತ್ತನ್ನು ಎಲ್ಲೋ ಬಿಟ್ಟು ಬಂತು.

2020ಕ್ಕೆ ಮುಂಚೆ ನಾನು ಬೆಳ್ಳಂದೂರಿನ ಕಡೆ ಕೆಲಸ ಮಾಡುತ್ತಿದ್ದೆ. ಕಂಪನಿ ಕ್ಯಾಬ್ ಸಂಜೆ 6:30ಕ್ಕೆ ಹೊರಡುತ್ತಿತ್ತು. ಆ ದಾರಿಯ ಬಗ್ಗೆ ನನಗೆ ಒಂದಿಷ್ಟೂ ಪ್ರೀತಿ ಇಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು, ಔಟರ್ ರಿಂಗ್ ರೋಡಿನಲ್ಲಿ ಸಂಜೆ ಹೋಗಿಬರುವವರಿಗೆ ಆ ಸರಾಸರಿ ಕೇಳಿದರೆ ಅಳು ಬರುತ್ತದೆ. ಆದರೆ ಆ ಕ್ಯಾಬ್ ನನಗೆ ಒಂದು ಮಾತು ಕೊಟ್ಟಿತ್ತು. "ಕ್ಯಾಬ್ ಇದೆ, ಹೊರಡ್ತೀನಿ." ಇದಕ್ಕೆ ಮ್ಯಾನೇಜರ್ ಆಗಲಿ, ಕ್ಲೈಂಟ್ ಆಗಲಿ ಎದುರು ಮಾತಾಡುತ್ತಿರಲಿಲ್ಲ. ಕ್ಯಾಬ್ ಯಾರಿಗೂ ಕಾಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಾನು ಸೋಮಾರಿಯಾಗಬೇಕಿರಲಿಲ್ಲ, ಜಗಳ ಮಾಡಬೇಕಿರಲಿಲ್ಲ, ಮಗುವಿನ ನೆಪ ಹೇಳಬೇಕಿರಲಿಲ್ಲ. ಬ್ಯಾಗ್ ಎತ್ತಿಕೊಂಡು ಹೊರಟರೆ ಆಯಿತು.

ಮನೆಯಲ್ಲಿ ಅಂಥ ಮಾತು ಒಂದೂ ಇಲ್ಲ. "ಊಟಕ್ಕೆ ಹೋಗ್ತೀನಿ" ಅಂದರೆ "ಊಟ ಮಾಡ್ತಾನೇ ಕೇಳಿಸ್ಕೊಳ್ಳಿ, ಕ್ಯಾಮೆರಾ ಆಫ್ ಇಟ್ಕೊಳ್ಳಿ" ಅನ್ನುತ್ತಾರೆ, ಅದೂ ತುಂಬಾ ಪ್ರೀತಿಯಿಂದ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಎಷ್ಟು ಬೇಗ ಬೇಗ ವ್ಯವಸ್ಥೆ ಬದಲಾಯಿತು ಅನ್ನುವುದನ್ನು ನೆನಪಿಸಿಕೊಳ್ಳಿ. ಅಲ್ಲಿಯವರೆಗೆ ಕಾಲ್ ಸೆಂಟರ್, ಬಿಪಿಒ ತರಹದ ಕೆಲಸಗಳನ್ನು ಮನೆಯಿಂದ ಮಾಡಲು ದೂರಸಂಪರ್ಕ ಇಲಾಖೆಯ ನಿಯಮಗಳೇ ಅಡ್ಡ ಇದ್ದವು. ಆ ಮಾರ್ಚ್‌ನಲ್ಲೇ ಅವನ್ನು ತಾತ್ಕಾಲಿಕವಾಗಿ ಸಡಿಲಿಸಿದರು, ನವೆಂಬರ್‌ನಲ್ಲಿ ಬಹುಪಾಲು ತೆಗೆದೇಹಾಕಿದರು. ಕಂಪನಿಗಳು ಡೆಸ್ಕ್‌ಟಾಪ್‌ಗಳನ್ನು ಟೆಂಪೋದಲ್ಲಿ ಹಾಕಿ ಮನೆಮನೆಗೆ ಕಳಿಸಿದವು. ಮನೆಯಿಂದಲೇ ಆಫೀಸಿನ ನೆಟ್‌ವರ್ಕ್ ಸೇರುವ ವಿಪಿಎನ್ ಬಂತು, ಡಾಂಗಲ್ ಬಂತು, ಕೆಲವರಿಗೆ ಕುರ್ಚಿಗೆ ಅಂತ ದುಡ್ಡೂ ಬಂತು. ವೈರು, ಸೆಕ್ಯುರಿಟಿ, ಡೇಟಾ, ಎಲ್ಲದಕ್ಕೂ ನಿಯಮ ಬರೆದರು. ಎಷ್ಟು ಹೊತ್ತಿಗೆ ಮುಗಿಸಬೇಕು ಅನ್ನುವುದಕ್ಕೆ ಮಾತ್ರ ಯಾರೂ ಒಂದು ಸಾಲೂ ಬರೆಯಲಿಲ್ಲ. ತುರ್ತಿನ ಕಾಲ, ಯಾರೂ ಕೇಳಲೂ ಇಲ್ಲ. ತುರ್ತು ಮುಗಿದ ಮೇಲೂ ಅದೇ ಮುಂದುವರಿಯಿತು.

ಹೊತ್ತು ಜಾಸ್ತಿಯಾಗಿದ್ದು ನಮ್ಮ ಭ್ರಮೆಯಲ್ಲ. 2020ರಲ್ಲೇ ಅಮೆರಿಕದ ಸಂಶೋಧಕರು 16 ನಗರಗಳ 31 ಲಕ್ಷ ಉದ್ಯೋಗಿಗಳ ಇಮೇಲ್ ಮತ್ತು ಮೀಟಿಂಗ್ ದಾಖಲೆಗಳನ್ನು ನೋಡಿದರು. ಬರೆದದ್ದನ್ನು ಓದಲಿಲ್ಲ, ಎಷ್ಟು ಗಂಟೆಗೆ, ಎಷ್ಟು ಜನರ ನಡುವೆ ಅನ್ನುವಂಥ ವಿವರ ಮಾತ್ರ ನೋಡಿದ್ದು. ಬೆಳಗ್ಗೆ ಮೊದಲ ಮೇಲ್‌ನಿಂದ ರಾತ್ರಿ ಕೊನೆಯ ಮೇಲ್‌ವರೆಗಿನ ಅವಧಿ ದಿನಕ್ಕೆ ಸರಾಸರಿ 48 ನಿಮಿಷಕ್ಕೂ ಹೆಚ್ಚು ಉದ್ದವಾಗಿತ್ತು. ಮೀಟಿಂಗ್‌ಗಳ ಸಂಖ್ಯೆ ಸುಮಾರು 13 ಪರ್ಸೆಂಟ್ ಏರಿತ್ತು, ಒಂದೊಂದು ಮೀಟಿಂಗ್‌ನ ಅವಧಿ 20 ಪರ್ಸೆಂಟ್ ಇಳಿದಿತ್ತು. ಅಂದರೆ ಕೂತು ಮಾತಾಡುವ ಒಟ್ಟು ಹೊತ್ತು ಸ್ವಲ್ಪ ಇಳಿಯಿತು, ಆದರೆ ದಿನ ಪೂರ್ತಿ ಚೂರುಚೂರಾಯಿತು. ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ 10,000ಕ್ಕೂ ಹೆಚ್ಚು ಉದ್ಯೋಗಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನದಲ್ಲೂ ಅದೇ ಕಂಡಿತು. ಕೆಲಸದ ಗಂಟೆ ಏರಿತು, ಆಫೀಸ್ ಅವಧಿ ಮುಗಿದ ಮೇಲಿನ ಕೆಲಸವೂ ಏರಿತು, ಹೊರಗೆ ಬಂದ ಕೆಲಸ ಮಾತ್ರ ಏರಲಿಲ್ಲ. ಅಡ್ಡಿಯಿಲ್ಲದೆ ಒಂದು ಕಡೆ ಕೂತು ಮಾಡುವ ಹೊತ್ತು ಕಡಿಮೆಯಾಗಿತ್ತು. ಮಕ್ಕಳಿರುವವರ ಗಂಟೆ ಉಳಿದವರಿಗಿಂತ ಜಾಸ್ತಿ ಏರಿತ್ತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ನನ್ನದೇ ಒಂದು ದಿನ ಇಟ್ಟುಕೊಂಡು ಹೇಳುತ್ತೇನೆ. ಆಫೀಸಿನಲ್ಲಿ ಒಂದು ಸಣ್ಣ ಅನುಮಾನ ಬಂದರೆ ಪಕ್ಕದ ಸೀಟಿನವರ ಕಡೆ ತಿರುಗಿ ಕೇಳುತ್ತಿದ್ದೆ, ಎರಡು ನಿಮಿಷ. ಈಗ ಅದೇ ಅನುಮಾನಕ್ಕೆ ಮೊದಲು 'ಹಾಯ್' ಅಂತ ಪಿಂಗ್ ಮಾಡಬೇಕು, ಅವರು ಇನ್ನೊಂದು ಕಾಲ್‌ನಲ್ಲಿರುತ್ತಾರೆ, ಕೊನೆಗೆ 'ಕ್ಯಾಲೆಂಡರ್ ಬ್ಲಾಕ್ ಮಾಡ್ತೀನಿ' ಅನ್ನುತ್ತಾರೆ. ಎರಡು ನಿಮಿಷದ ಮಾತು ಅರ್ಧ ಗಂಟೆಯ ಸ್ಲಾಟ್ ಆಗಿ ಕೂರುತ್ತದೆ. ಇಂಥ ಆರೇಳು ಸ್ಲಾಟ್ ಸೇರಿದರೆ ಹಗಲು ಮುಗಿಯಿತು. ಕೋಡ್ ಬರೆಯುವ ನಿಜವಾದ ಕೆಲಸ ರಾತ್ರಿ ಹನ್ನೊಂದಕ್ಕೆ, ಮನೆ ಮಲಗಿದ ಮೇಲೆ. ನಾನು ಆ ಹೊತ್ತಿನಲ್ಲಿ ಒಂದು ಮೆಸೇಜ್ ಕಳಿಸಿದರೆ ಟೀಮಿನ ಹೊಸ ಹುಡುಗ ಅದನ್ನು ನೋಡಿ, ಸೀನಿಯರ್ ಎಚ್ಚರ ಇದ್ದಾರೆ, ನಾನೂ ಉತ್ತರ ಕೊಡಬೇಕು ಅಂದುಕೊಳ್ಳುತ್ತಾನೆ. ಒಂದು ಸಲ ಅವನೇ ಹೇಳಿದ, ನಿಮ್ಮ ಮೆಸೇಜ್ ಬಂದರೆ ನಿದ್ದೆಯಲ್ಲೂ ಎದ್ದು ನೋಡ್ತೀನಿ ಮೇಡಂ ಅಂತ. ನಾನು ಅವನನ್ನು ಎಬ್ಬಿಸಲು ಕಳಿಸಿದ್ದೇ ಅಲ್ಲ, ಮರೆತುಹೋಗದಿರಲಿ ಅಂತ ಕಳಿಸಿದ್ದು.

ಇನ್ನೊಂದು ಸಂಗತಿ ಆ ಹಸಿರು ಚುಕ್ಕಿ. ಆಫೀಸಿನ ಚಾಟ್ ಆ್ಯಪ್ ಟೀಮ್ಸ್‌ನಲ್ಲಿ ಹೆಸರಿನ ಪಕ್ಕ ಹಸಿರು ಇದ್ದರೆ ಕೂತಿದ್ದಾರೆ, ಹಳದಿ ಆದರೆ ಎದ್ದು ಹೋಗಿದ್ದಾರೆ. ಆಫೀಸಿನಲ್ಲಿ ನಾವು ಕಣ್ಣಿಗೆ ಕಾಣುತ್ತಿದ್ದೆವು, ಕಾಫಿಗೆ ಹೋದರೂ ಕೆಲಸ ಮಾಡುತ್ತಿದ್ದೇವೆ ಅನ್ನುವ ನಂಬಿಕೆ ಇರುತ್ತಿತ್ತು. ಮನೆಯಲ್ಲಿ ಕಾಣದವರು ತಾವಿದ್ದೇವೆ ಅನ್ನುವುದನ್ನು ಮತ್ತೆ ಮತ್ತೆ ತೋರಿಸಬೇಕು. ಬೇಗ ಉತ್ತರ ಕೊಡುವುದೇ ಒಳ್ಳೆಯ ಕೆಲಸದ ಗುರುತು ಆಗಿಬಿಟ್ಟಿದೆ. ಅಪ್ರೈಸಲ್‌ನಲ್ಲಿ 'ರೆಸ್ಪಾನ್ಸಿವ್' ಅನ್ನುವ ಪದ ಎಷ್ಟು ಸಲ ಬರುತ್ತದೆ ನೋಡಿ. ಮನೆಯಿಂದ ಕೆಲಸ ಮಾಡುವವರು ಸೋಮಾರಿಗಳು ಅಂತ ಮಾತಾಡುವವರಿಗೆ ನಾನು ಹೇಳುವುದು ಒಂದೇ. ಆ ಅನುಮಾನವೇ ನಮ್ಮನ್ನು ರಾತ್ರಿವರೆಗೆ ಕೂರಿಸುತ್ತಿದೆ.

ಈಗ ಮನೆ ಕಡೆಯ ಲೆಕ್ಕ. ಈ ಹೊರೆ ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು, ವಯಸ್ಸಾದವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ 137 ನಿಮಿಷ ಮತ್ತು 75 ನಿಮಿಷ. ಇದು ದೇಶದ ಲೆಕ್ಕ, ಐಟಿ ಮನೆಗಳದ್ದಲ್ಲ. ಆದರೆ ನಮ್ಮಲ್ಲಿ ಅಡುಗೆಯವರು ಇದ್ದಾರೆ, ವಾಷಿಂಗ್ ಮೆಷಿನ್ ಇದೆ ಅಂದುಕೊಂಡರೂ ಮನೆಯ ಪೂರ್ತಿ ನಿಗಾ ಯಾರ ತಲೆಯಲ್ಲಿ ಓಡುತ್ತಿರುತ್ತದೆ ಅಂತ ಕೇಳಿ ನೋಡಿ.

ನಮ್ಮದು ಎರಡು ಬೆಡ್‌ರೂಮಿನ ಫ್ಲಾಟ್. ನನ್ನ ಗಂಡನಿಗೂ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ನಾನು ಊಟದ ಮೇಜಿನಲ್ಲಿ ಕೂರುತ್ತೇನೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಡೋರ್‌ಬೆಲ್ ಆದರೆ ತೆಗೆಯುವುದು, ಕುಕ್ಕರ್ ಎಷ್ಟು ವಿಷಲ್ ಕೂಗಿತು ಅಂತ ಎಣಿಸುವುದು, ಮಗ ಸ್ಕೂಲಿನಿಂದ ಬಂದಾಗ ಒಂದು ಕಿವಿಯಿಂದ ಹೆಡ್‌ಸೆಟ್ ಸರಿಸಿ ಡಬ್ಬಿ ಖಾಲಿಯಾಗಿದೆಯಾ ನೋಡುವುದು, ಎಲ್ಲ ಊಟದ ಮೇಜಿನಿಂದಲೇ ಸುಲಭ ಅಲ್ವಾ. ಹಾಗೇ ಆಗಿಹೋಯಿತು. ಒಂದು ದಿನ ನಾನು ಕ್ಲೈಂಟ್‌ಗೆ ಡೆಮೊ ಕೊಡುವಾಗ ಮೂರನೇ ವಿಷಲ್ ಬಂತು. ಬಾಯಿ ಡೆಮೊ ಮಾತಾಡುತ್ತಿತ್ತು, ಕಾಲು ಅಡುಗೆಮನೆ ಕಡೆ ನಡೆಯುತ್ತಿತ್ತು. ಇಯರ್‌ಫೋನ್ ವೈರ್ ಎಳೆದು ಲ್ಯಾಪ್‌ಟಾಪ್ ಮೇಜಿನಿಂದ ಜಾರಿತು. ಆ ಹೊತ್ತಿನಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಗ್ಯಾಸ್ ಆಫ್ ಮಾಡಲು ಮನೆಯಲ್ಲಿ ಇನ್ನೊಬ್ಬರು ಇದ್ದರು ಅನ್ನುವುದು ಹೊಳೆದಿದ್ದು ರಾತ್ರಿ. ಈಗ ಕೋಣೆ ಒಂದು ವಾರ ಅವನಿಗೆ, ಒಂದು ವಾರ ನನಗೆ. ಊಟದ ಮೇಜಿನಲ್ಲಿ ಕೂತ ಮೊದಲ ವಾರವೇ ಅವನು ಹೇಳಿದ, ಇಲ್ಲಿ ಕೂತು ಹೇಗೆ ಕೆಲಸ ಮಾಡ್ತಿದ್ದೆ ಮಾರಾಯ್ತಿ ಅಂತ.

ಇಷ್ಟಾದರೂ ಮನೆಯಲ್ಲಿ ಕೂತು ದುಡಿಯುವುದು ನಮ್ಮ ನಾಡಿಗೆ ಹೊಸದಲ್ಲ. ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಮಗ್ಗದ ಗುಂಡಿ ಮನೆಯೊಳಗೇ ಇರುತ್ತದೆ. ದಕ್ಷಿಣ ಕನ್ನಡದಲ್ಲಿ ತಲೆಮಾರುಗಳಿಂದ ಹೆಂಗಸರು ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ ಅನ್ನುವ ಮೊರ ಇಟ್ಟುಕೊಂಡು ಬೀಡಿ ಕಟ್ಟಿದ್ದಾರೆ. ಒಲೆ ಮೇಲೆ ಗಂಜಿ, ಪಕ್ಕದಲ್ಲಿ ಮಗು, ಕೈಯಲ್ಲಿ ಎಲೆ. ಅದನ್ನು ಚಂದದ ಚಿತ್ರ ಮಾಡಿ ತೋರಿಸುವುದು ನನಗೆ ಇಷ್ಟವಿಲ್ಲ. ಹೊಗೆಸೊಪ್ಪಿನ ಧೂಳು, ಕಡಿಮೆ ಕೂಲಿ, ಸರಿಯಿಲ್ಲ ಅಂತ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ತೆಗೆದುಹಾಕುವ ಬೀಡಿಗಳು, ಕಷ್ಟ ಬೇಕಾದಷ್ಟು ಇತ್ತು. ಆದರೆ ಎರಡು ವಿಷಯ ಗಮನಿಸಬೇಕು. ಒಂದು, ಅಲ್ಲಿ ಎಣಿಕೆ ಇತ್ತು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಕಟ್ಟು ಎಣಿಸಿ ಕೊಟ್ಟ ಮೇಲೆ ಅವತ್ತಿನ ಕೆಲಸ ಮುಗಿಯಿತು, ರಾತ್ರಿ ಯಾರೂ ಬಂದು ಇನ್ನೊಂದು ಕಟ್ಟು ಕೊಡು ಅಂತ ಬಾಗಿಲು ಬಡಿಯುತ್ತಿರಲಿಲ್ಲ. ಇನ್ನೊಂದು, 1966ರಲ್ಲೇ ಬಂದ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿಕೊಂಡಿತು. ಜಗಲಿಯಲ್ಲಿ ಕೂತವಳನ್ನು 60 ವರ್ಷದ ಹಿಂದೆ ನೋಡಿದ ಕಾನೂನಿನ ಕಣ್ಣಿಗೆ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವಳು ಇನ್ನೂ ಸರಿಯಾಗಿ ಬಿದ್ದಿಲ್ಲ.

ಕಾಗದದ ಮೇಲೆ ಮಿತಿ ಇಲ್ಲ ಅಂತೇನಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು ಅಂತ ಅದರಲ್ಲಿದೆ. ಆದರೆ ಲಾಗಿನ್ ಮಾಡಿದ ಹೊತ್ತು ಮಾತ್ರ ಕೆಲಸವೋ, ರಾತ್ರಿ ಹತ್ತಕ್ಕೆ ಫೋನಿನಲ್ಲಿ ಉತ್ತರಿಸಿದ್ದೂ ಕೆಲಸವೋ ಅನ್ನುವ ಪ್ರಶ್ನೆ ಆಗ ಹುಟ್ಟಿಯೇ ಇರಲಿಲ್ಲ. ಕಾನೂನನ್ನು ಈ ಕಾಲಕ್ಕೆ ಹೊಂದಿಸುವ ಬದಲು ನಮ್ಮಲ್ಲಿ ನಡೆದ ಪ್ರಯತ್ನ ಉಲ್ಟಾ ದಿಕ್ಕಿನದ್ದು. 2024ರ ಜುಲೈನಲ್ಲಿ ಐಟಿಯವರ ಕೆಲಸದ ದಿನವನ್ನು ಓವರ್‌ಟೈಮ್ ಸೇರಿಸಿ 12 ಗಂಟೆಗೂ ಮೇಲಕ್ಕೆ ಒಯ್ಯುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. 14 ಗಂಟೆಯ ದಿನ ಅಂತಲೇ ಅದು ಸುದ್ದಿಯಾಯಿತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. 2025ರಲ್ಲಿ ಮತ್ತೆ ದಿನಕ್ಕೆ 10 ಗಂಟೆ ಮಾಡುವ ಮಾತು ಬಂತು, ಮತ್ತೆ ವಿರೋಧ. ಇದಕ್ಕೆಲ್ಲ ಮುಂಚೆ 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು, 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಹೊಡೆಯುವ ಸಾಧ್ಯತೆ 35 ಪರ್ಸೆಂಟ್ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿದ್ದವು. ಆ ಲೆಕ್ಕ ಇಷ್ಟು ಹತ್ತಿರ ಇರುವಾಗ ಹಿರಿಯರ ಇಂಥ ಮಾತುಗಳನ್ನು ಸ್ಫೂರ್ತಿ ಅಂತ ತೆಗೆದುಕೊಳ್ಳಲು ನನಗೆ ಆಗುವುದಿಲ್ಲ.

ಬೇರೆ ದೇಶಗಳಲ್ಲಿ ನನ್ನ ಆ ಕ್ಯಾಬ್ ಮಾತಿಗೆ ಸಮನಾದದ್ದನ್ನು ಕಾನೂನಿನಲ್ಲಿ ಬರೆದಿದ್ದಾರೆ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು ಕೆಲಸ ಮುಗಿದ ಮೇಲೆ ಮೇಲ್, ಫೋನ್ ಹೇಗೆ ಅಂತ ನೌಕರರ ಜೊತೆ ಕೂತು ಮಾತಾಡಲೇಬೇಕು. ಪೋರ್ಚುಗಲ್ 2021ರಲ್ಲಿ ಹೊಣೆಯನ್ನು ನೇರವಾಗಿ ಮಾಲೀಕರ ಮೇಲೆ ಹಾಕಿತು, ತುರ್ತು ಇಲ್ಲದೆ ಹೊತ್ತಲ್ಲದ ಹೊತ್ತಿನಲ್ಲಿ ಸಂಪರ್ಕಿಸಬಾರದು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಅಂಥ ಕರೆಗೆ ಉತ್ತರಿಸದೆ ಇರುವುದು ಉದ್ಯೋಗಿಯ ಹಕ್ಕು, ಹಾಗೆ ಉತ್ತರಿಸದೆ ಇರುವುದು ಸರಿಯಲ್ಲದ ಸಂದರ್ಭ ಯಾವುದು ಅನ್ನುವುದನ್ನೂ ನೋಡುತ್ತಾರೆ. ನನಗೆ ಪೋರ್ಚುಗಲ್ ದಾರಿ ಸರಿ ಅನಿಸುತ್ತದೆ. ಉತ್ತರಿಸದಿರುವ ಹಕ್ಕು ನಮ್ಮ ಕೈಗೆ ಕೊಟ್ಟರೆ ಅದನ್ನು ಬಳಸುವ ಧೈರ್ಯವೂ ನಮ್ಮದೇ ಆಗಬೇಕು, ರೇಟಿಂಗ್ ಭಯದಲ್ಲಿ ಯಾರು ಬಳಸುತ್ತಾರೆ? ಕರೆಯಬಾರದು ಅಂತ ಕರೆಯುವವರಿಗೇ ಹೇಳಿದರೆ ಟೀಮಿನ ಆ ಹೊಸ ಹುಡುಗನಿಗೂ ನಿದ್ದೆ ಬರುತ್ತದೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಅವರು 2018ರಲ್ಲೊಮ್ಮೆ, 2025ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಇಂಥ ಮಸೂದೆ ತಂದರು. ಅದು ಖಾಸಗಿ ಮಸೂದೆ, ಅಂದರೆ ಸರ್ಕಾರದ್ದಲ್ಲ, ಸಂಸದರೊಬ್ಬರು ತಾವಾಗಿ ತಂದದ್ದು. ಖಾಸಗಿ ಮಸೂದೆಯೊಂದು ಸಂಸತ್ತಿನಲ್ಲಿ ಕೊನೆಯ ಸಲ ಪಾಸಾಗಿದ್ದು 1970ರಲ್ಲಿ.

ಹಾಗಾದರೆ ಎಲ್ಲರೂ ಆಫೀಸಿಗೇ ಬಂದುಬಿಡಿ ಅನ್ನುವವರಿದ್ದಾರೆ. 2020ರಲ್ಲಿ ಟಿಸಿಎಸ್, 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ 25 ಪರ್ಸೆಂಟ್ ಜನ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಅಂತ ಯೋಜನೆ ಹೇಳಿತ್ತು. 2023ರ ಅಕ್ಟೋಬರ್‌ನಿಂದ ಅದೇ ಕಂಪನಿ ವಾರಕ್ಕೆ ಐದು ದಿನ ಬನ್ನಿ ಅಂದಿತು. ಉಳಿದ ಬಹಳಷ್ಟು ಕಡೆ ಹೈಬ್ರಿಡ್. ಆಫೀಸಿಗೆ ಮರಳಿದ ಗೆಳತಿಯರನ್ನು ಕೇಳಿದೆ, ರಾತ್ರಿ ಕಾಲ್ ನಿಂತಿತಾ ಅಂತ. ಒಬ್ಬರದ್ದೂ ನಿಂತಿಲ್ಲ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಮನೆಗೆ ಬಂದು, ಬ್ಯಾಗಿನಿಂದ ಅದೇ ಲ್ಯಾಪ್‌ಟಾಪ್ ತೆಗೆದು ಒಂಬತ್ತೂವರೆಗೆ ಕೂರುತ್ತಾರೆ. ಟ್ರಾಫಿಕ್ ವಾಪಸ್ ಬಂತು, ಮುಗಿಯುವ ಹೊತ್ತು ವಾಪಸ್ ಬರಲಿಲ್ಲ.

ಮತ್ತೆ, ಮನೆಯಿಂದ ಕೆಲಸ ಅನ್ನುವುದು ಕೊಟ್ಟಿದ್ದೂ ಸಣ್ಣದಲ್ಲ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪ-ಅಮ್ಮನ ಜೊತೆ ಇದ್ದುಕೊಂಡೇ ಕೆಲಸ ಮಾಡುವ ಸಹೋದ್ಯೋಗಿ ನನಗಿದ್ದಾನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರ್, ನೆಟ್ ಹೋದರೆ ಗುಡ್ಡದ ಮೇಲೆ ಕಾರು ನಿಲ್ಲಿಸಿಕೊಂಡು ಕಾಲ್, ಆದರೂ ಅವನು ಬೆಂಗಳೂರಿಗೆ ವಾಪಸ್ ಬರಲಾರ. ಹೆರಿಗೆ ರಜೆ ಮುಗಿಸಿದ ಹೆಂಗಸರು, ಮೆಟ್ಟಿಲು ಹತ್ತಲಾಗದವರು, ಇವರಿಗೆಲ್ಲ ಇದು ಕೆಲಸ ಉಳಿಸಿಕೊಳ್ಳುವ ದಾರಿ. ಗೆರೆ ಬೇಕು ಅಂತ ನಾವು ಕೇಳುವುದು ಇದನ್ನು ಕಿತ್ತುಕೊಳ್ಳಿ ಅಂತ ಆಗಬಾರದು.

ರಾತ್ರಿ ಕೆಲಸವೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ರಾತ್ರಿ ಇರುತ್ತಾರೆ, ಕರೆಂಟು ಹೋದರೆ ಲೈನ್‌ಮನ್ ಬರುತ್ತಾರೆ. ಆದರೆ ಅದಕ್ಕೆ ಡ್ಯೂಟಿ ಅನ್ನುವ ಹೆಸರಿದೆ, ಯಾವತ್ತು ಯಾರದ್ದು ಅಂತ ಪಟ್ಟಿ ಇದೆ, ಇವತ್ತು ನಂದಲ್ಲ ಅನ್ನಲು ದಾರಿ ಇದೆ. ನಮ್ಮಲ್ಲೂ ಓಡುತ್ತಿರುವ ಸಾಫ್ಟ್‌ವೇರ್ ನೋಡಿಕೊಳ್ಳುವ ಪ್ರೊಡಕ್ಷನ್ ಸಪೋರ್ಟ್‌ನವರಿಗೆ ಆನ್-ಕಾಲ್ ಪಟ್ಟಿ ಇರುತ್ತದೆ, ಕೆಲವು ಕಡೆ ಅದಕ್ಕೆ ಬೇರೆ ದುಡ್ಡೂ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದವರ ರಾತ್ರಿಯೇ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿರುವುದು.

ಈ ನವೆಂಬರ್‌ನಲ್ಲಿ ಗಡಿಯಾರ ತಿರುಗುವ ವಾರ ನಮ್ಮ ಟೀಮಿನ ಐದು ಜನ ಸೇರಿ ಕ್ಯಾಲಿಫೋರ್ನಿಯಾದವರಿಗೆ ಒಂದು ಮೇಲ್ ಬರೆದೆವು. ಒಬ್ಬರ ಹೆಸರಿನಲ್ಲಿ ಬೇಡ ಅಂತ ಐದೂ ಹೆಸರು ಹಾಕಿದೆವು. ಕೇಳಿದ್ದು ಇಷ್ಟೇ. ಒಂದು ವಾರ ಕಾಲ್ ಈಗಿನ ಹಾಗೆ ನಿಮ್ಮ ಬೆಳಗ್ಗೆ 8ಕ್ಕೆ ಇರಲಿ, ಮುಂದಿನ ವಾರ ನಿಮ್ಮ ಸಂಜೆ 6ಕ್ಕೆ ಇರಲಿ, ಅದು ನಮಗೆ ಮರುದಿನ ಬೆಳಗ್ಗೆ 7:30. ಕಳಿಸಿದ ಮೇಲೆ ಎರಡು ದಿನ ಎದೆ ಢವಢವ ಅನ್ನುತ್ತಿತ್ತು. ಮೂರನೇ ದಿನ ಉತ್ತರ ಬಂತು. ನಿಮಗೆ ಅಷ್ಟು ರಾತ್ರಿಯಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ, ಹಾಗೇ ಮಾಡೋಣ ಅಂತ. ಐದೂವರೆ ವರ್ಷದಲ್ಲಿ ನಾವು ಕೇಳಿರಲಿಲ್ಲ, ಅವರು ನೋಡಿರಲಿಲ್ಲ. ಎಲ್ಲ ಟೀಮಿಗೂ ಇಂಥ ಉತ್ತರ ಸಿಗುತ್ತದೆ ಅಂತ ನಾನು ನಂಬುವುದಿಲ್ಲ, ಹಾಗಾಗಿಯೇ ಕಾನೂನು ಬೇಕು ಅನ್ನುತ್ತಿರುವುದು.

ರಾತ್ರಿ ಕಾಲ್ ಇಲ್ಲದ ಮೊದಲ ವಾರದ ಸೋಮವಾರ ರಾತ್ರಿ ಒಂಬತ್ತೂವರೆಗೆ ನಾನು ಸುಮ್ನೆ ಹಾಸಿಗೆ ಮೇಲೆ ಕೂತು ಬಟ್ಟೆ ಮಡಚುತ್ತಿದ್ದೆ. ಹೆಡ್‌ಸೆಟ್ ಹಾಕಿರಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿತ್ತು. ಮಗ ಬಾಗಿಲ ಹತ್ತಿರ ಬಂದು ನಿಂತ, ಕೈಯಲ್ಲಿ ಸ್ಲೇಟ್ ಹಿಡಿದುಕೊಂಡೇ.